ಆ ಭಾಷೆಯಲ್ಲಿ ಹೇಳಲು ಬಾರದ ನೋವು

ಲಿಫ್ಟ್ ರಿಪೇರಿ ಮಾಡುವ ಆ ಹೆಂಗಸು ಕೂತಲ್ಲಿ ಕೂರುವವಳಲ್ಲ. ಜೊತೆಯ ಕೆಲಸಗಾರರು ಅವಳನ್ನು ‘ಭರಭರ’ ಎಂದೇ ಕರೆಯುತ್ತಿದ್ದರು. ಲಿಫ್ಟ್ ಕೆಟ್ಟರೆ ಮುಚ್ಚಳ ಬಿಚ್ಚಿ ಯಾವ ತಂತಿ ಸಡಿಲವಾಗಿದೆಯೆಂದು ನೋಡಬಹುದು. ಏಳು ವರ್ಷದ ಮಗಳ ವಿಷಯದಲ್ಲಿ ಏನನ್ನು ಬಿಚ್ಚಿ ನೋಡುವುದು?

ಟೀಚರ್ ಕರೆಸಿ ಹೇಳಿದ್ದರು: “ನಿಮ್ಮ ಮಗು ಕ್ಲಾಸಲ್ಲಿ ಬಾಯೇ ಬಿಡಲ್ಲ. ಲೆಕ್ಕ ಬರತ್ತೆ, ಪ್ರಶ್ನೆ ಅರ್ಥ ಆಗಲ್ಲ. ಮನೇಲೂ ಶಾಲೆ ಭಾಷೇನೇ ಮಾತಾಡಿ ನೋಡಿ.”

ಅಂದೇ ಸಂಜೆ ಮನೆಮಾತು ಬಂದ್ ಆಯಿತು. ಗಂಡ ಹಡಗಿನಲ್ಲಿದ್ದ, ಫೋನಿನಲ್ಲಿ “ನಿನಗೆ ಸರಿ ಕಂಡಂಗೆ ಮಾಡು” ಎಂದು ಕೈತೊಳೆದುಕೊಂಡ. ಪೇಚಿಗೆ ಸಿಕ್ಕಿಕೊಂಡವರು ಮನೆಯಲ್ಲಿ ಜೊತೆಗಿದ್ದ ಅವಳ ಅಪ್ಪ. ಅವರಿಗೆ ಶಾಲೆಯ ಭಾಷೆಯಲ್ಲಿ ಬರುತ್ತಿದ್ದುದು ‘ನಮಸ್ಕಾರ’, ‘ಬಾಗಿಲು ಹಾಕಿ’ ಎರಡೇ.

“ಬೆಳಗಿಂದ ಸಂಜೆವರೆಗೂ ಬಾಗಿಲು ಹಾಕಿ, ಬಾಗಿಲು ಹಾಕಿ ಅಂತಿರ್ಲಾ?” ಎಂದರು.

“ಅಪ್ಪಾ, ತಮಾಷೆ ಬೇಡ.”

ಅವಳಿಗಾದರೂ ಆ ಭಾಷೆ ಎಷ್ಟು ಬರುತ್ತಿತ್ತು? ಕೆಲಸಕ್ಕೆ ಸಾಲುವಷ್ಟು ಓದು, ಮಾತು; ಮಗಳೊಡನೆ ಆಡಲು ಏಳು, ತಿನ್ನು, ಬರಿ, ಮಲಗು ಅಷ್ಟೇ. ಮನಸಾರೆ ಬೈಯಲೂ ಬಾರದು, ಮುದ್ದಿಸಲೂ ಬಾರದು. ಮಗಳ ಬಾಯಲ್ಲಿ ಮನೆಮಾತು ಬಂದರೆ ಮಾತ್ರ ಗದರುವಳು. ಅಜ್ಜ ಮೊಮ್ಮಗಳಿಗೆ ಕೈಸನ್ನೆ ಮಾಡುತ್ತ ಓಡಾಡಿದರು. ಮನೆ ಬಿಕೋ ಎನ್ನತೊಡಗಿತು. ಕೆಲಸದಲ್ಲಿ ಅವಳು ಬಿಗಿ ಮಾಡಿದ ಬೋಲ್ಟನ್ನೇ ಮತ್ತೆ ಬಿಗಿ ಮಾಡುವಳು, ಕೆಳಗಿಳಿದವಳು ಅನುಮಾನ ಬಂದು ಮತ್ತೆ ಹತ್ತುವಳು.

ಮೂರನೇ ವಾರ ಮಗಳು ತಟ್ಟೆ ದೂರ ತಳ್ಳಿದಳು. ಏನಾಯಿತೆಂದು ಶಾಲೆಯ ಭಾಷೆಯಲ್ಲಿ ಕೇಳಿದರೆ, “ಏನಿಲ್ಲ” ಎಂದು ಅದೇ ಭಾಷೆಯಲ್ಲಿ ಉತ್ತರ. ಎರಡು ದಿನ ಹೀಗೇ ಕಳೆಯಿತು. ಮೂರನೇ ದಿನ ಮಧ್ಯಾಹ್ನ ಶಾಲೆಯಿಂದ ಫೋನು: ಮಗು ಅಳುತ್ತಿದೆ, ಯಾಕೆಂದು ಹೇಳುತ್ತಿಲ್ಲ.

ಅವಳು ಎದ್ದೆನೋ ಬಿದ್ದೆನೋ ಎಂದು ಓಡಿದಳು. ಅಜ್ಜ ಆಗಲೇ ಬಂದಿದ್ದರು. ಮಗಳ ಮುಖ ಕೆಂಪಗೆ ಊದಿತ್ತು, ಅಂಗೈ ಕಿವಿಯ ಮೇಲಿತ್ತು. ಟೀಚರ್ ಕೇಳಿದರು, ತಾಯಿ ಕೇಳಿದಳು, ಇಬ್ಬರೂ ಶಾಲೆಯ ಭಾಷೆಯಲ್ಲಿ. ಹುಡುಗಿ ಬಾಯಿ ತೆರೆದು, ಅಮ್ಮನ ಮುಖ ನೋಡಿ, ಮತ್ತೆ ಮುಚ್ಚಿಕೊಂಡಳು.

ಅಜ್ಜನಿಗೆ ತಡೆಯಲಾಗಲಿಲ್ಲ. ನೆಲಕ್ಕೆ ಮಂಡಿಯೂರಿ ಮನೆಮಾತಿನಲ್ಲೇ ಕೇಳಿದರು: “ಏನಾಗ್ತಿದೆ ಕಂದಾ?”

ಮಗುವಿನ ಬಾಯಿಂದ ಮಾತು ದಬದಬನೆ ಸುರಿಯಿತು. “ಕಿವಿ ಒಳಗೆ ಗುಂಯ್ ಅನ್ನತ್ತೆ ಅಜ್ಜಾ, ಆಮೇಲೆ ಚಳಕ್ ಚಳಕ್ ಅಂತ ಚುಚ್ಚತ್ತೆ. ಮಲಗಿದ್ರೆ ಬುಳುಬುಳು ಅನ್ನತ್ತೆ. ಮೊನ್ನೆಯಿಂದ.”

“ಮೊನ್ನೆಯಿಂದಾನಾ! ಯಾಕೆ ಹೇಳ್ಲಿಲ್ವೇ?” ಎಂದಳು ತಾಯಿ.

“ಆ ಭಾಷೇಲಿ ಹೇಳಕ್ಕೆ ಬರಲಿಲ್ಲಮ್ಮ. ಈ ಭಾಷೇಲಿ ಹೇಳಿದ್ರೆ ನೀನು ಬೈತೀಯಲ್ಲ.”

ಅವಳು ಮಗಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು. ಕಿವಿಯೊಳಗೆ ಕೀವು ತುಂಬಿದೆ ಎಂದರು ಡಾಕ್ಟರು; ವಾರದೊಳಗೆ ಔಷಧಿಗೆ ಬಗ್ಗಿತು. ತಾಯಿಯ ಕಸಿವಿಸಿ ಮಾತ್ರ ಬಗ್ಗಲಿಲ್ಲ. ಅವಳು ಮತ್ತೆ ಶಾಲೆಗೆ ಹೋದಳು, ಕುರ್ಚಿ ತೋರಿಸಿದರೂ ನಿಂತೇ ಇದ್ದಳು.

“ಟೀಚರ್, ನೀವು ಹೇಳ್ದಂಗೆ ಮಾಡಿದೆ. ಇನ್ಮೇಲೆ ಆಗಲ್ಲ.”

ಟೀಚರ್ ಪೆನ್ನು ಕೆಳಗಿಟ್ಟರು. “ಅವಸರದಲ್ಲಿ ಹೇಳ್ಬಿಟ್ಟೆ, ತಪ್ಪಾಯ್ತು. ಒಂದು ಕೆಲಸ ಮಾಡೋಣ. ನಾಳೆ ಪಾಠ ಏನಂತ ಇವತ್ತೇ ಬರೆದು ಕಳಿಸ್ತೀನಿ. ನಿಮ್ಮ ಮಾತಲ್ಲಿ ಚೆನ್ನಾಗಿ ಅರ್ಥ ಮಾಡಿಸಿ. ಶಾಲೆ ಮಾತು ಕಲಿಸೋದು ನನ್ನ ಪಾಲು.”

ಚೀಟಿಗಳು ಬರತೊಡಗಿದವು. ತಾಯಿ ಓದಿ ಹೇಳುವಳು, ಅಜ್ಜ ಅದಕ್ಕೆ ಉಪ್ಪುಖಾರ ಹಚ್ಚುವರು. ರೈಲಿನಿಂದ ಆರು ಜನ ಇಳಿದರೆಂಬ ಲೆಕ್ಕದಲ್ಲಿ ಅಜ್ಜನ ಕತೆಯ ಆರನೆಯವನು ಕನ್ನಡಕ ಮರೆತು ಮತ್ತೆ ಹತ್ತಿಬಿಡುತ್ತಿದ್ದ. “ಅಜ್ಜಾ, ಉತ್ತರ ತಪ್ಪಾಗತ್ತೆ!” ಎಂದು ಮೊಮ್ಮಗಳು ಜಗಳಕ್ಕೆ ಬೀಳುವಳು.

ತಿಂಗಳಾದ ಮೇಲೆ ಹುಡುಗಿ ತರಗತಿಯಲ್ಲಿ ಕೈ ಎತ್ತಿದಳು. ಉತ್ತರದ ನಡುವೆ ಮನೆಯ ಪದವೊಂದು ನುಸುಳಿ ಮಕ್ಕಳು ನಕ್ಕರು. ಟೀಚರ್ ಆ ಪದವನ್ನು ಬೋರ್ಡಿನ ಮೇಲೆ ಶಾಲೆಯ ಪದದ ಪಕ್ಕದಲ್ಲೇ ಬರೆದರು.

ತಾಯಿಗೆ ನೆಮ್ಮದಿ ಸುಲಭಕ್ಕೆ ಬರಲಿಲ್ಲ. ಎರಡು ಭಾಷೆಯೂ ಅರ್ಧಂಬರ್ಧ ಆಗಿಬಿಟ್ಟರೆ? ವರ್ಷದ ಕೊನೆಯ ವರದಿಯಲ್ಲಿ ‘ತರಗತಿಯಲ್ಲಿ ತುಂಬಾ ಮಾತಾಡುತ್ತಾಳೆ’ ಎಂದಿತ್ತು. ಅದು ದೂರೋ ಹೊಗಳಿಕೆಯೋ ತಿಳಿಯದೆ ಅವಳು ಬಾಗಿಲಿಂದ ಕಿಟಕಿಗೆ ತಿರುಗಾಡಿದಳು. ಮಗಳು ಕಾಗದ ಕಸಿದುಕೊಂಡು ತಡವರಿಸದೆ ಪೂರ್ತಿ ಓದಿದಳು. ಆಮೇಲೆ ಅಜ್ಜನ ಪಕ್ಕ ಕೂತು, ಮನೆಮಾತಿನಲ್ಲಿ ಅದನ್ನೇ ಸ್ವಲ್ಪ ಹೆಚ್ಚಿಗೆ ಸೇರಿಸಿ ಹೇಳತೊಡಗಿದಳು.