ಗೊರೊಮಾನ ತಲೆ ತೆಗೆಯಬೇಡಿ

ಅವನ ಹೆಸರು ನನ್ನ ಕಿವಿಗೆ ಬೀಳುವ ಮೊದಲೇ ಅವನ ಚರ್ಮ ನನ್ನ ಕೈಗೆ ಬಂದಿತ್ತು. ಅಮಗಾಸಾಕಿ ಸ್ಟೇಷನ್ ಎದುರಿನ ದೊಡ್ಡ ಅಂಗಡಿಯ ಐದನೇ ಮಹಡಿಯಲ್ಲಿ ನಾನು ಪ್ಯಾಂಟುಗಳ ಅಂಚು ಹೊಲಿಯುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಸಿಕ್ಕ ಕೆಲಸ ಅದು. ಒಂದು ದಿನ ಮೇಲ್ವಿಚಾರಕ ಮಿಜೋಗುಚಿ ಕಂದು ಕೂದಲಿನ ದೊಡ್ಡ ಗಂಟೊಂದನ್ನು ತಂದು ನನ್ನ ಮೇಜಿನ ಮೇಲೆ ಧೊಪ್ಪೆಂದು ಹಾಕಿದ.

"ಯಾಸುಯೆ ಅಕ್ಕ, ಗೊರಿಲ್ಲಾದ ಕುಂಡೆ ಹರಿದ್ಹೋಗಿದೆ. ಭಾನುವಾರಕ್ಕೆ ಬೇಕು."

"ಯಾವ ಗೊರಿಲ್ಲಾ?"

"ಗೊರೊಮಾ ಗೊತ್ತಿಲ್ವಾ? ಟಿವಿಗೆ ಸಿಕ್ಕಿಸಿ ಮಕ್ಕಳು ಆಡ್ತಾರಲ್ಲ, ಆ ಆಟದ ರಾಕ್ಷಸ. ಕೆಂಪು ಶಾಲಿನ ಹುಡುಗ ಹಾರಿ ಹಾರಿ ಮೇಲೆ ಬಂದ್ರೆ ಇವ್ನು ತುದೀಲಿ ನಿಂತು ಕುಂಬಳಕಾಯಿ ಎಸೀತಾನೆ. ಕೊನೇಲಿ ಬೀಳ್ತಾನೆ. ಮುಂದಿನ ಹಂತದ ಕಾಡಲ್ಲಿ ಮತ್ತೆ ಬಂದು ನಿಂತಿರ್ತಾನೆ."

"ಬಿದ್ದೋನು ಮತ್ತೆ ಹೆಂಗೆ ಬರ್ತಾನೆ?"

"ಬರ್ತಾನೆ ಅಷ್ಟೇ. ಅವ್ನು ಬರದಿದ್ರೆ ಆಟವೇ ಮುಗೀತಲ್ಲ!"

ಆ ಆಟದ ಹೆಸರಿನಲ್ಲಿ ನಮ್ಮ ಅಂಗಡಿಯ ತಾರಸಿಯ ಮೇಲೆ ಭಾನುವಾರಗಳಂದು ಮಕ್ಕಳಿಗಾಗಿ ವೇಷದ ಕುಣಿತ ನಡೆಯುತ್ತಿತ್ತು. ವೇಷ ಒಯ್ಯಲು ಬಂದವನನ್ನು ನೋಡಿ ನನಗೆ ನಗು ಬಂತು. ನಮ್ಮ ಬೀದಿಯ ಸಾರ್ವಜನಿಕ ಸ್ನಾನದ ಮನೆಯಲ್ಲಿ ಹಂಡೆಗೆ ಉರಿ ಹಾಕುವ ಕಜಿಯಾಮಾ! ಮದುವೆಯಿಲ್ಲ, ಮಾತಿಲ್ಲ. ದಾರಿಯಲ್ಲಿ ಎದುರಾದರೆ ಗೋಡೆಗೆ ಒತ್ತಿಕೊಂಡು ನಿಲ್ಲುವ ಸಂಕೋಚದ ಆಸಾಮಿ.

"ಕುಂಡೆ ಹತ್ರ ಒಂದು ಪದರ ಹತ್ತಿ ಜಾಸ್ತಿ ಹಾಕ್ಲಾ? ಬೀಳೋ ಜಾಗ," ಎಂದೆ.

"ಬೇಡಿ ಅಕ್ಕ. ದಪ್ಪ ಆದ್ರೆ ಬಿದ್ದಿದ್ದು ಚೆನ್ನಾಗಿ ಕಾಣ್ಸಲ್ಲ," ಎಂದು ಕಿವಿಯವರೆಗೂ ಕೆಂಪಾದ.

ಅವನು ಬೀಳುವುದನ್ನು ನೋಡಬೇಕಿತ್ತು. ಏಣಿ ಹತ್ತಿ ಅಟ್ಟದ ತುದಿಯಲ್ಲಿ ಎದೆ ಬಡಿದುಕೊಂಡು, ಕೆಂಪು ಶಾಲಿನವನ ಒಂದು ಒದೆಗೆ ಗಾಳಿಯಲ್ಲಿ ತಿರುಗಿ, ಕೆಳಗೆ ಹಾಸಿದ್ದ ಹಾಸಿಗೆಯ ಮೇಲೆ ಅಕ್ಕಿ ಮೂಟೆಯಂತೆ ಬೀಳುತ್ತಿದ್ದ. ಮಕ್ಕಳು ಕುಣಿಯುತ್ತಿದ್ದರು. ಆಮೇಲೆ ಮಲಗಿದಲ್ಲಿಂದಲೇ ಒಂದು ಮುಷ್ಟಿ ಮೇಲೇಳುತ್ತಿತ್ತು: ಇರಿ, ಮತ್ತೆ ಬರ್ತೀನಿ! ಮುಷ್ಟಿ ಆಡಿಸುತ್ತಲೇ ತೆವಳಿಕೊಂಡು ಪರದೆಯ ಹಿಂದೆ ಹೋಗುತ್ತಿದ್ದ. ಎಂಥ ಸೆಕೆಯಿರಲಿ, ಮಕ್ಕಳ ಕಣ್ಣೆದುರು ವೇಷದ ತಲೆ ತೆಗೆಯುತ್ತಿರಲಿಲ್ಲ, ಒಂದು ಗುಟುಕು ಬಾರ್ಲಿ ಚಹಾ ಸಹ ಕುಡಿಯುತ್ತಿರಲಿಲ್ಲ.

ಅದೇ ಮಕ್ಕಳು ಸಂಜೆ ಸ್ನಾನಕ್ಕೆ ಬಂದಾಗ ಒಲೆಯ ಬಾಯಿಯ ಹತ್ತಿರ ನಿಂತು ಅವನಿಗೇ ಜಂಬ ಕೊಚ್ಚುತ್ತಿದ್ದವು. ತೋಫು ಅಂಗಡಿಯವರ ಮಗಳು ಚಿನಾತ್ಸು ಎಲ್ಲರಿಗಿಂತ ಬಾಯಾಳಿ.

"ಮಾಮಾ, ಇವತ್ತು ಗೊರೊಮಾನ್ನ ಮೂರು ಕಾಡಲ್ಲೂ ಬೀಳಿಸ್ದೆ!"

"ಅಬ್ಬಬ್ಬಾ! ಪಾಪ, ಸತ್ತೇಹೋದ್ನೇನೋ."

"ಥೂ, ಅವ್ನಿಗೆ ಸಾಯೋಕೆ ಬರಲ್ಲ! ನಿಂಗೇನೂ ಗೊತ್ತಿಲ್ಲ ಮಾಮಾ. ಸೌದೆ ಹಾಕು ನೀನು."

ಅವನು ತಲೆ ಬಗ್ಗಿಸಿ ಸೌದೆ ಹಾಕುತ್ತಿದ್ದ. ಉರಿಯ ಬೆಳಕಲ್ಲಿ ಅವನ ಮುಖ ನೋಡಿದರೆ ಲಾಟರಿ ಹೊಡೆದವನ ಹಾಗಿರುತ್ತಿತ್ತು. ಒಮ್ಮೆ ಆಟಿಕೆ ವಿಭಾಗದಲ್ಲಿ ನಿಂತು ತಾನೂ ಆಡಿ ನೋಡಿದನಂತೆ. "ಮೊದಲ್ನೇ ಕಾಡೇ ದಾಟೋಕಾಗ್ಲಿಲ್ಲ ಅಕ್ಕ. ನಂಗೆ ನನ್ನನ್ನೇ ಗೆಲ್ಲೋಕಾಗಲ್ಲ," ಎಂದು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕ.

ಮಳೆಗಾಲ ಮುಗಿದ ಭಾನುವಾರ. ಹರಿದ ಕಿವಿಯೊಂದನ್ನು ಹೊಲಿದುಕೊಟ್ಟು ನಾನೂ ಪರದೆಯ ಪಕ್ಕ ನಿಂತಿದ್ದೆ. ಒದೆ ಬೀಳುವ ಮೊದಲೇ ಹಿಂದಿನ ರಾತ್ರಿಯ ಕೊನೆಯ ಮಳೆಗೆ ಒದ್ದೆಯಾಗಿದ್ದ ಹಲಗೆಯ ಮೇಲೆ ಅವನ ಕಾಲು ಜಾರಿತು. ಹಾಸಿಗೆಯ ಮೇಲಲ್ಲ, ಆಚೆ ಸಿಮೆಂಟಿನ ಮೇಲೆ ಬಿದ್ದ. ಮಕ್ಕಳು ಹೋ ಎಂದು ಚಪ್ಪಾಳೆ ತಟ್ಟಿ, ಮುಷ್ಟಿಗಾಗಿ ಕಾದರು. ಮುಷ್ಟಿ ಏಳಲಿಲ್ಲ. ಚಪ್ಪಾಳೆ ಒಂದೊಂದಾಗಿ ನಿಂತಿತು.

ನಾನು ಓಡಿಹೋಗಿ ಬಗ್ಗಿದೆ. ವೇಷದ ಬಾಯಿಯೊಳಗಿಂದ ಸಣ್ಣ ದನಿ ಬಂತು.

"ಅಕ್ಕ... ಮಕ್ಕಳು ನೋಡ್ತಿದಾರಾ?"

"ಎಲ್ಲಾ ನೋಡ್ತಿವೆ."

"ಹಾಗಾದ್ರೆ ತಲೆ ತೆಗೀಬೇಡಿ."

ಆಂಬುಲೆನ್ಸಿನವರು ಬಂದವರೇ ತಲೆಗೆ ಕೈ ಹಾಕಿದರು. ನಾನು ಗೊರೊಮಾನ ಗಲ್ಲ ಹಿಡಿದು ಕೂತೆ.

"ಬಿಡಮ್ಮಾ, ಉಸಿರು ಕಟ್ಟುತ್ತೆ!"

"ಕಟ್ಟಲ್ಲ. ಬಾಯಿಂದ ಗಾಳಿ ಹೋಗುತ್ತೆ, ನಾನೇ ಹೊಲ್ದಿರೋದು. ಕೆಳಗೆ ಹೋದ್ಮೇಲೆ ತೆಗೀರಿ."

ಲಿಫ್ಟಿನಲ್ಲಿ ಈರುಳ್ಳಿ ಕಂತೆ ಹಿಡಿದ ಮುದುಕಿಯೊಬ್ಬಳು ಸ್ಟ್ರೆಚರಿನ ಮೇಲಿನ ಗೊರಿಲ್ಲಾಕ್ಕೆ ನಮಸ್ಕರಿಸಿ ಜಾಗ ಬಿಟ್ಟಳು. ಬಾಗಿಲು ಮುಚ್ಚುವವರೆಗೂ ಚಿನಾತ್ಸು ಬಿಕ್ಕುವುದು ಕೇಳುತ್ತಲೇ ಇತ್ತು.

ಅವನ ಸೊಂಟದ ಮೂಳೆ ಮುರಿದಿತ್ತು. ಇನ್ನು ಏಣಿ ಹತ್ತುವಂತಿಲ್ಲ ಎಂದರು ಡಾಕ್ಟರು. ತೊತ್ತೊರಿಯಿಂದ ಅವನ ಅಕ್ಕ ಬಂದು, ಊರಿಗೆ ಕರೆದೊಯ್ಯಲು ಬಟ್ಟೆಬರೆ ಕಟ್ಟತೊಡಗಿದಳು. ಎರಡು ವರ್ಷದ ನಂತರ ಅವನು ಅಲ್ಲೇ ತೀರಿಕೊಂಡ. ಅವನು ಊರಿಗೆ ಹೊರಡುವ ಮೊದಲು ನಾನು ಆಸ್ಪತ್ರೆಗೆ ನೋಡಲು ಹೋದ ದಿನ ಉಪ್ಪುಹುಳಿ ಹಣ್ಣಿಟ್ಟು ಕಟ್ಟಿದ ಅನ್ನದುಂಡೆ ಒಯ್ದಿದ್ದೆ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಮಲಗಿದ್ದ, ತಿನ್ನಲಿಲ್ಲ.

"ನೋವಿದ್ಯಾ?"

"ನೋವು ಹಾಗಿರ್ಲಿ. ಮುಷ್ಟಿ ಎತ್ತೋದು ಉಳ್ದುಹೋಯ್ತು ಅಕ್ಕ. ಅಳ್ತಿದ್ದ ಆ ಮಗು ನಾನು ಸತ್ತೇ ಹೋದೆ ಅನ್ಕೊಂಡಿರುತ್ತೆ."

"ಮಿಜೋಗುಚಿ ಬೇರೆಯವ್ರನ್ನ ಹುಡುಕ್ತಿದಾರೆ."

"ಅವ್ರು ಸಿಗೋ ಹೊತ್ತಿಗೆ ಮಕ್ಕಳು ನಂಬೋದೇ ಬಿಟ್ಟಿರ್ತವೆ." ಅನ್ನದುಂಡೆಯನ್ನು ಪಕ್ಕಕ್ಕಿಟ್ಟ. "ಈ ಭಾನುವಾರ ನೀವು ಹಾಕ್ಕೊಳ್ತೀರಾ?"

"ನಾನಾ? ನಾನು ನಿನ್ನ ಎದೆಮಟ್ಟಕ್ಕೂ ಬರಲ್ಲ ಮಾರಾಯ!"

"ಪ್ಯಾಂಟಿನ ಅಂಚು ಮಡಚೋರಿಗೆ ಗೊರಿಲ್ಲಾದ ಕಾಲು ಮಡಚೋಕೆ ಏನು ಕಷ್ಟ?" ಎಂದು ನಗಲು ಹೋಗಿ ಸೊಂಟ ಹಿಡಿದುಕೊಂಡ. "ಏಣಿ ಹತ್ಬೇಡಿ. ಬೀಳ್ಬೇಡಿ. ಪರದೆ ಪಕ್ಕ ಬಂದು ನಿಂತು, ಚಿನಾತ್ಸುಗೆ ಕಾಣೋ ಹಾಗೆ ಒಂದೇ ಸಲ ಮುಷ್ಟಿ ಎತ್ತಿ. ತಲೆ ಮಾತ್ರ ತೆಗೀಬೇಡಿ."