ಒಂದು ಗೇಣು ಸರಿಯಬೇಕಾದ ಕಲ್ಲು

ಬೆಳಗಿನ ಆರೂವರೆ. ಕಲಬುರಗಿಯ ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯ ಮನೆಯೊಂದರ ಅಂಗಳದಲ್ಲಿ ದುಂಡಮ್ಮ ಕರಿಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದಾಳೆ. ಸೊಂಟದೆತ್ತರದ ಈ ಕಲ್ಲು ಒಂದು ಗೇಣು ಎಡಕ್ಕೆ ಸರಿಯಬೇಕು. ಹತ್ತಕ್ಕೆ ಗೋಡೆಯ ಜಾಗಕ್ಕೆ ದೊಡ್ಡ ಗಾಜು ಬರುತ್ತದೆ. ಅದು ಕೂತ ಮೇಲೆ ಹಾರೆ ಆಡಿಸಲು ಜಾಗವಿರುವುದಿಲ್ಲ.

ಮನೆಯೊಡೆಯ ಅರುಣಕುಮಾರ ಹಳೆಯ ಗೋಡೆ ಒಡೆಸಿ ಜಪಾನಿ ಮಾದರಿಯ ತೋಟ ಮಾಡಿಸುತ್ತಿದ್ದಾರೆ. ಬಿಳಿ ಹರಳು, ನೀರಿನ ಕಲ್ಲುಬಾನಿ, ಒಂದೇ ಒಂದು ನಿಂತ ಕಲ್ಲು. ಒಳಗೆ ಕುಳಿತವರಿಗೆ ಗಾಜಿನಾಚೆ ಎಲ್ಲವೂ ಕಾಣಬೇಕು. ಈಗ ನಿಂತ ಕಲ್ಲು ಆ ಬಾನಿಯನ್ನೇ ಮರೆ ಮಾಡಿದೆ. "ಸರೀಲಿಲ್ಲಂದ್ರ ಮಷಿನ್ ಹಚ್ಚಿ ಒಡಸ್ತೀನಿ," ಎಂದು ನಿನ್ನೆ ಹೇಳಿಬಿಟ್ಟಿದ್ದಾರೆ.

ತಪ್ಪು ದುಂಡಮ್ಮನದೇ. ಕಲ್ಲು ನಿಲ್ಲಿಸಿದ ದಿನ ರೂಢಿಯಂತೆ ವಿಭೂತಿ ಹಚ್ಚಿ ಕಾಯಿ ಒಡೆದಳು. ಮರುದಿನದಿಂದ ಅರುಣಕುಮಾರರ ತಾಯಿ ವಿಮಲಾಬಾಯಿ ಹೂವೇರಿಸತೊಡಗಿದರು. ಈಗ ಕೆಲಸದವರ್ಯಾರೂ ಅದನ್ನು ಮುಟ್ಟುತ್ತಿಲ್ಲ.

"ಪೂಜಾ ಆದ ಕಲ್ಲಿಗಿ ಹಾರಿ ಹಚ್ಚಂಗಿಲ್ಲಕ್ಕಾ. ದೇವ್ರು ಮಾಡಿದಾಕಿ ನೀನು, ನೀನೇ ಎಬ್ಬಿಸು," ಎನ್ನುತ್ತಾನೆ ಜೊತೆಗಾರ ದತ್ತಪ್ಪ, ಬೀಡಿ ಹಚ್ಚುತ್ತ.

ದುಂಡಮ್ಮನಿಗೆ ಐವತ್ತೆರಡು. ಕಮಲಾಪುರದ ಹೊಲಗಳಲ್ಲಿ ಒಡ್ಡು ಕಟ್ಟಿ ಕಟ್ಟಿ ಕಲ್ಲಿನ ಗುಣ ತಿಳಿದವಳು. ದಿನಾ ಐದರ ಬಸ್ಸಿಗೆ ಬರುತ್ತಾಳೆ, ಇಪ್ಪತ್ತು ಹಾಸುಗಲ್ಲು ಕೂಡಿಸಿ ಹೋಗುತ್ತಾಳೆ. ಆರು ವರ್ಷದ ಹಿಂದೆ ಕಲ್ಲೊಂದು ಉರುಳಿ ಗಂಡ ಮಾಳಿಂಗನ ಮೂರು ಕಾಲ್ಬೆರಳು ಹೋದವು. ಅಂದಿನಿಂದ ಕಾಯಿ ಒಡೆಯದೆ ಕಲ್ಲು ನಿಲ್ಲಿಸುವುದಿಲ್ಲ. ತೋಟದ ನಕ್ಷೆ ಬರೆದವರ ಹೆಸರು ಗೇಟಿನ ಮೇಲೆ ಬರುತ್ತದಂತೆ. ಇವಳಿಗೊಂದು ಜೊತೆ ಕೈಗವಸು ಕೊಡುವ ಬುದ್ಧಿ ಯಾರಿಗೂ ಬಂದಿಲ್ಲ.

ವಿಮಲಾಬಾಯಿ ಹೂವಿನ ಬುಟ್ಟಿ ಹಿಡಿದು ಬರುತ್ತಾರೆ. "ಏನ್ ದುಂಡಮ್ಮ, ದೇವ್ರನ್ನ ಕಿತ್ತಿ ಒಗೀತಿ ಏನ?"

"ದೇವ್ರಲ್ರಿ ಅಮ್ಮೋರ, ಕೆಲಸದ ಕಲ್ಲು. ಯಾರ ಕಾಲ ಮ್ಯಾಲೂ ಬೀಳಬ್ಯಾಡ ಅಂತ ಬೇಡ್ಕೊಂಡಿದ್ದೆ. ಕೈಮುಗಿದು ಸರಸ್ತೀನ್ರಿ. ಇಲ್ಲಂದ್ರ ಸಾಹೇಬ್ರು ಒಡಸ್ತಾರ. ಅದು ಚಲೋ ಏನ್ರಿ?"

ವಿಮಲಾಬಾಯಿ ಬಗ್ಗಿ ನಿನ್ನೆಯ ಹೂವನ್ನು ತಾವೇ ತೆಗೆಯುತ್ತಾರೆ. "ಜ್ವಾಕಿ," ಎನ್ನುತ್ತಾರೆ. ದತ್ತಪ್ಪ ಬೀಡಿ ಒಗೆದು ಏಳುತ್ತಾನೆ.

ದುಂಡಮ್ಮ ವಿಭೂತಿ ತೊಳೆದು ಬುಡಕ್ಕೆ ಹಾರೆ ಕೊಡುತ್ತಾಳೆ. ಕಲ್ಲು ಅವಳತ್ತಲೇ ವಾಲುತ್ತದೆ. "ಬಿಡಬ್ಯಾಡೋ ದತ್ಯಾ!" ವಾಲಿದ್ದು ಸಾವಕಾಶ ಎಡಕ್ಕೆ ಸರಿದು, ಅಗೆದಿಟ್ಟ ಗುಂಡಿಯಲ್ಲಿ ಕೂರುತ್ತದೆ. ಅಲುಗುತ್ತದೆಯೇ ನೋಡಲು ಅವಳು ನೀರು ತುಂಬಿದ ಲೋಟವನ್ನು ಕಲ್ಲಿನ ನೆತ್ತಿಯ ಮೇಲಿಟ್ಟು, ಭುಜ ಕೊಟ್ಟು ನೂಕುತ್ತಾಳೆ. ಹನಿಯೂ ಚೆಲ್ಲುವುದಿಲ್ಲ.

ಹತ್ತಕ್ಕೆ ಗಾಜು ಕೂರುತ್ತದೆ. ದುಂಡಮ್ಮ ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತ, ಒಳಗಿದ್ದ ವಿಮಲಾಬಾಯಿಗೆ ಹೇಳುತ್ತಾಳೆ:

"ಎಲ್ಲಾ ಬಾಜೂಲಿಂದ ನೋಡೀನ್ರಿ. ಒಳಗ ಕುಂತು ನೋಡೂದೊಂದೇ ಉಳದೈತ್ರಿ. ಒಮ್ಮಿ ಕುಂಡ್ರು ಅಂದ್ರ ಸಾಕು, ಕಾಲ್ ತೊಳ್ಕೊಂಡೇ ಬರ್ತೀನಿ."