ನಾಲ್ಕು ಅಂಕದ ಮುದ್ದೆ

ಇಂಗ್ಲಿಷ್ ಸಾಮರ್ಥ್ಯ ಪರೀಕ್ಷೆಯ ಬರವಣಿಗೆ ಭಾಗವನ್ನು ತಿದ್ದಲು ಕೂತರೆ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತು ಕಡೂರಿನ ನಮ್ಮ ಕಾಲೇಜಿನಲ್ಲಿ ಕೊನೆಯ ವರ್ಷದ ಪದವಿ ವಿದ್ಯಾರ್ಥಿಗಳ ಉತ್ತರಗಳು. ‘ನಿಮಗೆ ಬರುವ ಒಂದು ಕೆಲಸವನ್ನು ಬಾರದವರಿಗೆ ವಿವರಿಸಿ’ ಎಂಬುದು ಪ್ರಶ್ನೆ. ಸಾಲಾಗಿ ಎಲ್ಲರೂ ಚಹಾ ಮಾಡಿದ್ದರು. ಎಲ್ಲ ಒಂದೇ ಗೈಡಿನ ಚಹಾ, ಏಲಕ್ಕಿ ಕೂಡ ಐದನೆಯ ಸಾಲಿನಲ್ಲೇ ಬೀಳುತ್ತಿತ್ತು. ಬೈದುಕೊಂಡೇ ಹನ್ನೆರಡು ಹನ್ನೆರಡು ಹಾಕುತ್ತಾ ಹೋದೆ. ತಪ್ಪಿಲ್ಲವಲ್ಲ, ಏನು ಮಾಡೋದು!

ಆಮೇಲೆ ಒಂದು ರಾಗಿ ಮುದ್ದೆ ಬಂತು. ಸಾಲಿಗೆ ಮೂರು ತಪ್ಪು, ಅರ್ಧಂಬರ್ಧ ವಾಕ್ಯಗಳು. ಇಪ್ಪತ್ತಕ್ಕೆ ನಾಲ್ಕು ಕೊಟ್ಟು ಪಕ್ಕಕ್ಕಿಟ್ಟೆ. ನಮ್ಮಲ್ಲಿ ಒಂದೇ ಉತ್ತರವನ್ನು ಇಬ್ಬರು ಬೇರೆ ಬೇರೆಯಾಗಿ ತಿದ್ದುತ್ತೇವೆ. ಅಜ್ಜಂಪುರದಿಂದ ಬಂದಿದ್ದ ಹಿರಿಯ ಮೇಷ್ಟರು ಅದಕ್ಕೆ ಹದಿಮೂರು ಕೊಟ್ಟಿದ್ದರು. ಇಷ್ಟು ಅಂತರ ಬಿದ್ದರೆ ಇಬ್ಬರೂ ಮಾತಾಡಿ ಮರುದಿನದೊಳಗೆ ಒಪ್ಪಬೇಕು. ಇಲ್ಲವಾದರೆ ಕಡಿಮೆ ಅಂಕವೇ ಗಟ್ಟಿ. ನನ್ನ ನಾಲ್ಕು ನಿಂತರೆ ಹೆಸರೂ ಗೊತ್ತಿಲ್ಲದ ಆ ವಿದ್ಯಾರ್ಥಿ ಫೇಲು, ಈ ವರ್ಷ ಎಂ.ಎ.ಗೆ ಅರ್ಜಿ ಹಾಕುವ ಹಾಗಿಲ್ಲ.

ತಪ್ಪುಗಳನ್ನು ಒಂದೊಂದಾಗಿ ಎಣಿಸಿ ತೋರಿಸಿದೆ. ಮೇಷ್ಟರು ಪೂರ್ತಿ ಕೇಳಿಸಿಕೊಂಡರು.

“ಇದ್ನ ಓದಿದ್ಮೇಲೆ ನಿಮ್ಗೆ ಮುದ್ದೆ ಮಾಡೋಕೆ ಬತ್ತದೋ ಇಲ್ವೋ, ಅಷ್ಟೇ ಹೇಳಿ ಮೇಡಂ.”

ಅದೊಂದನ್ನು ಕೇಳಬಾರದಿತ್ತು. ನಾನು ತರೀಕೆರೆಯಲ್ಲಿ ಅನ್ನ ಉಂಡು ಬೆಳೆದವಳು. ಮದುವೆಯಾಗಿ ಕಡೂರಿಗೆ ಬಂದು ಹದಿನಾಲ್ಕು ವರ್ಷವಾದರೂ ನನ್ನ ಮುದ್ದೆಯಲ್ಲಿ ಗಂಟು ತಪ್ಪಿದ್ದಿಲ್ಲ. ಹೇಗೆ ಮಾಡೋದು ಅಂತ ಅತ್ತೆಯನ್ನು ಕೇಳಿದರೆ, ಕೈಗೇ ಗೊತ್ತಾಗುತ್ತದೆ ಅನ್ನುವುದು ಒಂದೇ ಮಾತು. ನನ್ನ ಹಾಳು ಕೈಗೆ ಏನೂ ಗೊತ್ತಾಗುತ್ತಿರಲಿಲ್ಲ.

ಉತ್ತರಗಳನ್ನು ಮನೆಗೆ ಒಯ್ಯುವಂತಿಲ್ಲ. ಎರಡು ಸಲ ಓದಿ ಬಾಯಿಪಾಠ ಮಾಡಿಕೊಂಡು ಹೋದೆ. ಸಂಜೆ ಒಲೆಯ ಮುಂದೆ ನಿಂತು ಅದು ಹೇಳಿದಂತೆಯೇ ಮಾಡಿದೆ. ನೀರು ಕುಣಿದರೆ ಸಾಲದು, ಕೂಗಬೇಕು. ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ಈಗ ಮುಟ್ಟಬೇಡಿ. ಬಸ್ಸು ತಪ್ಪಿದರೂ ಮುಟ್ಟಬೇಡಿ. ಗುಡ್ಡೆಯ ಮೇಲೆ ನೀರು ಹತ್ತಿ ಒಣಹಿಟ್ಟು ಕಾಣದಾದ ಮೇಲೆ ಕೋಲು ಹಾಕಿ. ಅಯ್ಯೋ ದೇವರೇ, ಇಷ್ಟು ವರ್ಷ ನಾನು ಸುರಿದ ಕೂಡಲೇ ತಿರುವುತ್ತಿದ್ದೆ! ಕೈಕಟ್ಟಿ ನಿಂತ ನನ್ನನ್ನು ನೋಡಿ ಅತ್ತೆ, ಪಾತ್ರೆಗೆ ಪೂಜೆ ಮಾಡ್ತಿದ್ದೀಯಾ ಅಂತ ಛೇಡಿಸಿದರು.

ಊಟಕ್ಕೆ ಕೂತ ಅತ್ತೆ ಮುದ್ದೆ ಮುರಿದರು, ಬೆರಳಲ್ಲಿ ಒತ್ತಿದರು, ಸಾರಿಗೆ ಅದ್ದಿ ನುಂಗಿದರು. ಎರಡನೆಯ ತುತ್ತಿನಲ್ಲೂ ಗಂಟು ಹುಡುಕಿದರು. ಎಲ್ಲಿದೆ ಗಂಟು?

“ಯಾರೇ ನಿಂಗೆ ಹೇಳ್ಕೊಟ್ಟಿದ್ದು? ನಂಗಿಂತ ಚೆನ್ನಾಗ್ ಹೇಳವ್ರೆ ಕಣೇ.”

ಖುಷಿಗೆ ನನ್ನ ಕಣ್ಣು ತುಂಬಿತು, ಜೊತೆಗೆ ನಾಚಿಕೆಯೂ ಆಯಿತು.

ಬೆಳಿಗ್ಗೆ ಮೇಷ್ಟರ ಎದುರು ಸೋತೆ ಅಂತ ಒಪ್ಪಿಕೊಂಡೆ. ನಾಲ್ಕನ್ನು ಹೊಡೆದು ಹದಿಮೂರು ಬರೆದೆ. ಅಂಕ ಬದಲಿಸಿದರೆ ಪಕ್ಕದ ಕಾಲಮ್ಮಿನಲ್ಲಿ ಕಾರಣ ಬರೆಯಬೇಕು. ಕ್ರಮ, ಸ್ಪಷ್ಟತೆ ಅಂತ ಏನೇನೋ ಬರೆಯಬಹುದಿತ್ತು. ‘ಓದಿದೆ, ಮಾಡಿದೆ, ಅತ್ತೆ ಇನ್ನೊಂದು ಕೇಳಿ ಹಾಕಿಸಿಕೊಂಡರು’ ಅಂತ ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದೆ.